ಹೊಸ ಆಲ್ಬಮ್ ಹಿಡಿಸಲಿಲ್ಲ ಅನ್ನುವ ಮೊದಲು ಎಷ್ಟು ಸಲ ಕೇಳಬೇಕು?

ಓದುಗರ ಪ್ರಶ್ನೆ: "ಹೊಸ ರಾಕ್ ಆಲ್ಬಮ್ ಬಂತು ಅಂತ ಗೊತ್ತಾದ ತಕ್ಷಣ ಹಾಕಿ ಕೇಳ್ತೀನಿ. ಎರಡು ಹಾಡು ಚೆನ್ನಾಗಿರುತ್ತೆ, ಮಿಕ್ಕಿದ್ದೆಲ್ಲ ಒಂದೇ ಥರ ಅನಿಸುತ್ತೆ. ಎಲ್ಲರೂ ಹೊಗಳುವಾಗ ನನಗೆ ಮಾತ್ರ ಯಾಕೆ ಹಿಡಿಸಲ್ಲ ಅಂತ ಬೇಜಾರಾಗುತ್ತೆ. ಒಂದು ಆಲ್ಬಮ್ ಚೆನ್ನಾಗಿಲ್ಲ ಅಂತ ತೀರ್ಮಾನಿಸೋ ಮೊದಲು ಎಷ್ಟು ಸಲ ಕೇಳಬೇಕು?"

ಮೂರು ಸಲ. ಒಂದೇ ದಿನ ಮೂರಲ್ಲ, ಒಂದು ವಾರದಲ್ಲಿ ಮೂರು. ಶಫಲ್ ಬೇಡ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಅವರು ಜೋಡಿಸಿಟ್ಟ ಕ್ರಮದಲ್ಲೇ ಕೇಳಿ. ಆಮೇಲೂ ಹಿಡಿಸದಿದ್ದರೆ ನಿಶ್ಚಿಂತೆಯಿಂದ ಬಿಟ್ಟುಬಿಡಿ, ಯಾರ ಹೊಗಳಿಕೆಗೂ ಸೊಪ್ಪು ಹಾಕಬೇಡಿ.

ಈ ಮೂರರ ಲೆಕ್ಕ ನನಗೆ ಸಿಕ್ಕಿದ್ದು ಒಂದು ದೀಪಾವಳಿಯಲ್ಲಿ.

2024ರ ನವೆಂಬರ್ 1, ಶುಕ್ರವಾರ. ಇಂಗ್ಲೆಂಡಿನ ರಾಕ್ ತಂಡ ದಿ ಕ್ಯೂರ್‌ನ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ಅವತ್ತು ಬಿಡುಗಡೆಯಾಯಿತು. 2008ರ ನಂತರ ಅವರ ಮೊದಲ ಹೊಸ ಆಲ್ಬಮ್. ಅಂದರೆ ಹದಿನಾರು ವರ್ಷ ಕಾದಿದ್ದೆವು. ನಾನು ಹಬ್ಬಕ್ಕೆ ಊರಿಗೆ ಹೋಗಿದ್ದೆ. ಹೊರಗೆ ಅಮಾವಾಸ್ಯೆಯ ಪಟಾಕಿ. ಅದೇ ದಿನ ರಾಜ್ಯೋತ್ಸವ ಬೇರೆ, ಆಟೋ ಸ್ಟ್ಯಾಂಡಿನ ಹುಡುಗರು ಭುವನೇಶ್ವರಿಯ ಫೋಟೋಗೆ ಹಾರ ಹಾಕಿ ಬೆಳಗ್ಗೆಯಿಂದ ಮೈಕಿನಲ್ಲಿ ಹಾಡು ಹಾಕಿದ್ದರು. ಅಡುಗೆಮನೆಯಲ್ಲಿ ಅಮ್ಮ ಕಜ್ಜಾಯ ಕರಿಯುತ್ತಿದ್ದರು. ನಾನು ಕೋಣೆಯ ಬಾಗಿಲು ಮುಚ್ಚಿ ಇಯರ್‌ಫೋನ್ ಹಾಕಿಕೊಂಡು ಕುಳಿತೆ.

ಎಂಟು ಹಾಡು, ಐವತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಮುಗಿದಾಗ ಮನಸ್ಸಿಗೆ ಏನೂ ಅಂಟಿರಲಿಲ್ಲ. ಎಲ್ಲಾ ಹಾಡೂ ನಿಧಾನ, ಎಲ್ಲದರಲ್ಲೂ ಅದೇ ಮೋಡ ಕವಿದ ಗಿಟಾರು, ಕೀಬೋರ್ಡು. ಹೊರಗೆ ಬಂದಾಗ ಭಾವ ಕೇಳಿದರು, "ಹೆಂಗಿತ್ತೋ, ಇಷ್ಟು ವರ್ಷ ಕಾಯ್ತಿದ್ಯಲ್ಲ?" "ಪರವಾಗಿಲ್ಲ ಭಾವ, ಒಂದೇ ಥರ ಇದೆ" ಅಂದುಬಿಟ್ಟೆ. ಆ ಮಾತು ನಾಲಿಗೆ ಮೇಲಿಂದ ಜಾರಿದಾಗ ನಿಜವಾಗಿಯೂ ಸಂಕಟವಾಯಿತು. ಹದಿನೇಳನೇ ವಯಸ್ಸಿನಿಂದ ಜೊತೆಗಿದ್ದ ತಂಡ ಅದು.

ಭಾನುವಾರ ರಾತ್ರಿ ಬೆಂಗಳೂರಿಗೆ ವಾಪಸಾಗುವ ಬಸ್ಸಿನಲ್ಲಿ ಮತ್ತೊಮ್ಮೆ ಹಾಕಿದೆ. ದೀಪ ಆರಿಸಿದ್ದರು, ಪಕ್ಕದವರಿಗೆ ನಿದ್ದೆ ಹತ್ತಿತ್ತು. ಆರನೇ ಹಾಡು ಶುರುವಾದಾಗ ದೂರದಲ್ಲೆಲ್ಲೋ ಗುಡುಗಿತು. ಕಿಟಕಿಯ ಪರದೆ ಸರಿಸಿ ನೋಡಿದೆ, ಆಕಾಶ ಸ್ವಚ್ಛವಾಗಿತ್ತು. ಗುಡುಗು ಇದ್ದದ್ದು ಹಾಡಿನೊಳಗೆ. ಮೊದಲ ಸಲ ಕೇಳುವಾಗ ಅದನ್ನು ಬೀದಿಯ ಪಟಾಕಿ ಅಂದುಕೊಂಡು ಕಿವಿಯಾಚೆ ತಳ್ಳಿಬಿಟ್ಟಿದ್ದೆ! ಆ ಗುಡುಗಿನ ಮೇಲೆ ಪಿಯಾನೋದ ಒಂದು ಸಣ್ಣ ತಿರುವು ಮತ್ತೆ ಮತ್ತೆ ಬರುತ್ತದೆ. ಹಾಡಿನ ಹೆಸರು 'ಐ ಕ್ಯಾನ್ ನೆವರ್ ಸೇ ಗುಡ್‌ಬೈ'. ಗಾಯಕ ರಾಬರ್ಟ್ ಸ್ಮಿತ್ ತೀರಿಹೋದ ತನ್ನ ಅಣ್ಣನಿಗಾಗಿ ಬರೆದದ್ದು. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದ ಮಾಟಗಾತಿಯರ ಒಂದು ಸಾಲನ್ನು ಎತ್ತಿಕೊಂಡು, ಯಾವುದೋ ಕೇಡು ಇತ್ತ ಬರುತ್ತಿದೆ, ನನ್ನ ಅಣ್ಣನ ಜೀವ ಕದ್ದೊಯ್ಯಲು ಅನ್ನುತ್ತಾನೆ. ಬಸ್ಸಿನ ಕತ್ತಲಲ್ಲಿ ಕಣ್ಣು ತುಂಬಿ ಬಂತು.

ಮೂರನೇ ಸಲ ಮನೆಯಲ್ಲಿ, ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕೇಳಿದೆ. ಆಗ ಕಂಡದ್ದು ಇನ್ನೊಂದು. ಮೊದಲ ಹಾಡು 'ಅಲೋನ್' ಶುರುವಾಗುವುದೇ, ನಾವು ಹಾಡುವ ಪ್ರತಿ ಹಾಡಿನ ಕೊನೆ ಇದು ಎನ್ನುವ ಅರ್ಥದ ಸಾಲಿನಿಂದ. ಕೊನೆಯ ಹಾಡು 'ಎಂಡ್‌ಸಾಂಗ್'ನ ಕಡೆಯ ಸಾಲುಗಳಲ್ಲಿ ಅದೇ ಮಾತು ತಿರುಗಿ ಬರುತ್ತದೆ, ಪ್ರತಿ ಹಾಡಿನ ಕೊನೆಗೆ ಒಬ್ಬಂಟಿ, ಕೈಯಲ್ಲಿ ಏನೂ ಇಲ್ಲ ಅಂತ. ಎರಡು ತುದಿಗಳನ್ನು ಹಿಡಿದು ಗಂಟು ಹಾಕಿದ್ದಾರೆ. ನಡುವಿನ ಒಂದೆರಡು ಹಾಡನ್ನು ಮಾತ್ರ ಆರಿಸಿ ಕೇಳಿದ್ದರೆ ಈ ಗಂಟು ನನಗೆ ಎಂದೂ ಕಾಣುತ್ತಿರಲಿಲ್ಲ. ಅವತ್ತೇ ಭಾವನಿಗೆ ಫೋನ್ ಮಾಡಿ ನನ್ನ ಮಾತು ವಾಪಸ್ ತೊಗೊಂಡೆ.

ಇನ್ನು ನಿಮ್ಮ ಪ್ರಶ್ನೆಯ ಒಳಗಿನ ಪ್ರಶ್ನೆಗೆ ಬರೋಣ. ಮೊದಲ ಸಲ ಯಾಕೆ ಎಲ್ಲವೂ ಒಂದೇ ಥರ ಕೇಳುತ್ತದೆ?

ಹೊಸದನ್ನು ಕೇಳುವಾಗ ಕಿವಿ ತನಗೆ ಗೊತ್ತಿರುವುದನ್ನು ಹುಡುಕುತ್ತದೆ. ನಾವು ಸಿನಿಮಾ ಹಾಡಿನಲ್ಲಿ ಬೆಳೆದವರು. ಪಲ್ಲವಿ, ನಡುವೆ ಒಂದು ಬಿಜಿಎಂ, ಚರಣ, ಮತ್ತೆ ಪಲ್ಲವಿ. ಅರ್ಧ ನಿಮಿಷದೊಳಗೆ ದನಿ ಬರಬೇಕು. 'ಅಲೋನ್' ಹಾಡಿನಲ್ಲಿ ದನಿ ಬರುವುದು ಮೂರು ನಿಮಿಷ ದಾಟಿದ ಮೇಲೆ. ಹತ್ತು ನಿಮಿಷದ 'ಎಂಡ್‌ಸಾಂಗ್'ನಲ್ಲಿ ಆರು ನಿಮಿಷ ಕಾಯಬೇಕು. ಆದರೆ ಕಛೇರಿಯಲ್ಲಿ ಕುಳಿತು ರಾಗಾಲಾಪನೆ ಕೇಳಿದವರಿಗೆ ಇದು ಹೊಸದಲ್ಲ. ಸಾಹಿತ್ಯ ಇನ್ನೂ ಬಂದಿಲ್ಲ ಅಂತ ಯಾರೂ ಎದ್ದು ಹೋಗುವುದಿಲ್ಲ, ಕೀರ್ತನೆ ಕುಳಿತುಕೊಳ್ಳುವ ಜಾಗವನ್ನು ಆಲಾಪನೆ ಹದಮಾಡುತ್ತಿದೆ ಅಂತ ನಮಗೆ ಗೊತ್ತು. ಅದೇ ತಾಳ್ಮೆಯನ್ನು ಈ ಕಡೆಗೂ ತನ್ನಿ, ಸಾಕು.

ಎರಡನೆಯದು, ಮೊದಲ ಸಲ ನಮಗೆ ಕೇಳಿಸುವುದು ಡ್ರಮ್ಸ್ ಮತ್ತು ಗಾಯಕನ ದನಿ ಮಾತ್ರ. ದಿ ಕ್ಯೂರ್ ಹಾಡುಗಳಲ್ಲಿ ಎಷ್ಟೋ ಕಡೆ ನಿಜವಾದ ಟ್ಯೂನ್ ಇರುವುದು ಸೈಮನ್ ಗ್ಯಾಲಪ್ ನುಡಿಸುವ ಬೇಸ್ ಗಿಟಾರಿನಲ್ಲಿ. ಮೊಬೈಲಿನ ಸ್ಪೀಕರಿನಲ್ಲಿ ಬೇಸ್ ಬರುವುದೇ ಇಲ್ಲ. ಅಲ್ಲಿ ಕೇಳಿ 'ಟ್ಯೂನ್ ಇಲ್ಲ' ಅನ್ನುವುದು ಆ ಆಲ್ಬಮ್ಮಿಗೆ ಮಾಡುವ ಅನ್ಯಾಯ. ಒಂದು ಸಾಧಾರಣ ಇಯರ್‌ಫೋನಾದರೂ ಇರಲಿ.

ಮೂರನೆಯದು ಆಪ್‌ಗಳ ಪ್ರಭಾವ. ಸ್ಪಾಟಿಫೈಯಲ್ಲಿ ಒಂದು ಹಾಡು ಮೂವತ್ತು ಸೆಕೆಂಡ್ ಓಡಿದರೆ ಒಂದು ಕೇಳುವಿಕೆ ಅಂತ ಲೆಕ್ಕ. ಅದಕ್ಕೇ ಎಷ್ಟೋ ಹಾಡುಗಳು ಇವತ್ತು ಶುರುವಿನಲ್ಲೇ ಕೈ ಹಿಡಿದು ಎಳೆಯುತ್ತವೆ. ಹಾಗೆ ಎಳೆಯದ ಹಾಡು ನಮಗೆ ಬೋರು ಅನಿಸತೊಡಗಿದೆ. ನನಗೆ ಬಹಳ ನೋವು ಕೊಡುವ ವಿಷಯ ಇದು.

ಇಲ್ಲಿ ಒಂದು ನ್ಯಾಯವಾದ ಅನುಮಾನ ಏಳಬೇಕು. ಮೂರು ಸಲ ಕೇಳಿದರೆ ಯಾವ ಹಾಡಾದರೂ ಹಿಡಿಸುತ್ತದಲ್ಲವೇ? ಹೌದು, ಸ್ವಲ್ಪ ಮಟ್ಟಿಗೆ. ಮತ್ತೆ ಮತ್ತೆ ಕಂಡದ್ದರ ಮೇಲೆ ಮನುಷ್ಯರಿಗೆ ಒಲವು ಹುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞರು 1960ರ ದಶಕದಿಂದಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಎಫ್‌ಎಂನಲ್ಲಿ ದಿನಕ್ಕೆ ಹತ್ತು ಸಲ ಬರುವ ಹಾಡು ನಮಗೇ ಗೊತ್ತಿಲ್ಲದೆ ಬಾಯಿಗೆ ಬರುವುದು ಹೀಗೆಯೇ. ಅಭ್ಯಾಸ ಯಾವುದು, ನಿಜವಾದ ಪ್ರೀತಿ ಯಾವುದು ಅಂತ ತಿಳಿಯಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಸಲ ಕೇಳಿದಾಗ ಹೋದ ಸಲ ಕೇಳಿಸದೇ ಇದ್ದದ್ದು ಏನಾದರೂ ಕೇಳಿಸಿತೇ? ಗುಡುಗು ಕೇಳಿಸಿತು, ಬೇಸ್ ಕೇಳಿಸಿತು, ತುದಿಗಳ ಗಂಟು ಕಾಣಿಸಿತು ಅಂತಾದರೆ ಆಲ್ಬಮ್ ಬೆಳೆಯುತ್ತಿದೆ. ಮೂರನೇ ಸಲವೂ ಅದೇ ಒಂದು ಪಲ್ಲವಿಗೇ ತಲೆದೂಗಿದ್ದೀರಿ ಅಂದರೆ ಅದು ಬರೀ ಅಭ್ಯಾಸ.

ಮೆಚ್ಚಿನ ತಂಡ ದಾರಿ ಬದಲಿಸಿದಾಗಲಂತೂ ಮೊದಲ ಸಲದ ತೀರ್ಪನ್ನು ನಂಬಲೇಬೇಡಿ. 2000ದ ಅಕ್ಟೋಬರ್‌ನಲ್ಲಿ ರೇಡಿಯೋಹೆಡ್ ತಂಡದ 'ಕಿಡ್ ಎ' ಬಂದಾಗ, 1997ರ 'ಓಕೆ ಕಂಪ್ಯೂಟರ್' ಥರದ ಗಿಟಾರಿಗಾಗಿ ಕಾದಿದ್ದವರಿಗೆ ಮೊದಲ ಹಾಡಿನಲ್ಲೇ ಸಿಕ್ಕಿದ್ದು ಕೀಬೋರ್ಡು ಮತ್ತು ತುಂಡು ತುಂಡಾಗಿ ಕತ್ತರಿಸಿದ ದನಿ. ಆ ಆಲ್ಬಮ್‌ನಿಂದ ಒಂದು ಸಿಂಗಲ್ಲೂ, ಅಂದರೆ ಬಿಡಿಯಾಗಿ ಬಿಡುಗಡೆ ಮಾಡುವ ಹಾಡೂ, ಹೊರಬರಲಿಲ್ಲ. ಆಗ ಬೈದ ವಿಮರ್ಶಕರು ಕಡಿಮೆಯಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಸಂಗೀತ ಪತ್ರಿಕೆಗಳಾದ ರೋಲಿಂಗ್ ಸ್ಟೋನ್, ಪಿಚ್‌ಫೋರ್ಕ್ ಎರಡೂ ಅದನ್ನು ಆ ದಶಕದ ಆಲ್ಬಮ್‌ಗಳಲ್ಲಿ ಮೊದಲ ಸ್ಥಾನದಲ್ಲಿಟ್ಟವು.

ನನ್ನ ಕಾಲಕ್ಕೆ ಆ ಪಾಠ ಕಲಿಸಿದ್ದು ಡಬ್ಲಿನ್‌ನ ರಾಕ್ ತಂಡ ಫಾಂಟೇನ್ಸ್ ಡಿ.ಸಿ. 2019ರ ಅವರ ಮೊದಲ ಆಲ್ಬಮ್ 'ಡಾಗ್ರೆಲ್' ಅಂದರೆ ಬರಿಯ ಗಿಟಾರು, ಡ್ರಮ್ಸು, ಅಪ್ಪಟ ಐರಿಷ್ ಉಚ್ಚಾರದಲ್ಲಿ ಮಾತಿನಂತೆ ಹಾಡುವ ಗ್ರಿಯಾನ್ ಚಾಟನ್. 2024ರ ಆಗಸ್ಟ್ 23ರಂದು ಬಂದ 'ರೊಮ್ಯಾನ್ಸ್' ಪೂರ್ತಿ ಬೇರೆ, ನಿರ್ಮಾಪಕನೂ ಬೇರೆ. 'ಸ್ಟಾರ್‌ಬರ್ಸ್ಟರ್' ಹಾಡಿನಲ್ಲಿ ಅವನು ಸಾಲು ಸಾಲಿಗೂ ಗಕ್ಕನೆ ಉಸಿರೆಳೆದುಕೊಳ್ಳುತ್ತಾನೆ, ನೀರಿನಿಂದ ತಲೆ ಎತ್ತಿದವನ ಹಾಗೆ. ಮೊದಲ ಸಲ ನನಗೆ ಅದು ಗಿಮಿಕ್ ಅನಿಸಿತ್ತು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲ್ವೆ ನಿಲ್ದಾಣದಲ್ಲಿ ಅವನಿಗೆ ಪ್ಯಾನಿಕ್ ಅಟ್ಯಾಕ್ ಆಗಿತ್ತು, ಹಾಡು ಹುಟ್ಟಿದ್ದು ಅದರಿಂದ ಅಂತ ತಿಳಿದ ಮೇಲೆ ಮತ್ತೆ ಕೇಳಿದೆ. ಈಗ ಆ ಉಸಿರು ಬಂದಾಗಲೆಲ್ಲ ನನ್ನ ಎದೆಯೂ ಒಂದು ಕ್ಷಣ ಹಿಡಿದುಕೊಳ್ಳುತ್ತದೆ.

ಇದು ಇಂಗ್ಲಿಷ್ ರಾಕ್‌ಗೆ ಮಾತ್ರ ಸೇರಿದ ಮಾತಲ್ಲ. ರಘು ದೀಕ್ಷಿತ್ ಪ್ರಾಜೆಕ್ಟ್‌ನ 2008ರ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಇದೆ. ಶರೀಫರ ಪದಗಳನ್ನು ಸಿ. ಅಶ್ವಥ್ ಅವರ ದನಿಯಲ್ಲಿ ಕೇಳಿ ಬೆಳೆದ ನನಗೆ ಮೊದಲ ಸಲ ಅದು ಕಿವಿಗೆ ಒಗ್ಗಲಿಲ್ಲ. ಆಮೇಲೆ ತಾನಾಗಿಯೇ ಒಗ್ಗಿತು, ಅಶ್ವಥ್ ಅವರ ಜಾಗವನ್ನೇನೂ ಕಸಿಯದೆ.

ಕ್ರಮದಲ್ಲೇ ಕೇಳಿ ಅಂತ ಯಾಕೆ ಇಷ್ಟು ಹಟ ಹಿಡಿಯುತ್ತೇನೆ? ನಿಮ್ಮ ಮನೆಯಲ್ಲಿ ಭಾವಗೀತೆಯ ಕ್ಯಾಸೆಟ್ ಇತ್ತೇ? ನಮ್ಮಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಇತ್ತು. ಆ ಕ್ಯಾಸೆಟ್ ಬಂದದ್ದು 1978ರಲ್ಲಿ, ನಾನು ಹುಟ್ಟುವ ಮೊದಲೇ. ಅಪ್ಪ ಅದನ್ನು ಎಷ್ಟು ಹಾಕಿದ್ದರು ಅಂದರೆ, ಇವತ್ತಿಗೂ ಅದರ ಒಂದು ಹಾಡು ಬೇರೆಲ್ಲೋ ಕೇಳಿ ಮುಗಿದ ಕೂಡಲೇ ಮುಂದಿನ ಹಾಡಿನ ಮೊದಲ ಸ್ವರ ನನ್ನ ತಲೆಯಲ್ಲಿ ಶುರುವಾಗುತ್ತದೆ. ಹಾಡುಗಳ ನಡುವಿನ ಆ ಎರಡು ಸೆಕೆಂಡಿನ ಮೌನವೂ ನೆನಪಿನಲ್ಲಿದೆ. ರಾಕ್ ತಂಡಗಳು ಇವತ್ತಿಗೂ ಹಾಡುಗಳನ್ನು ಜೋಡಿಸುವುದು ಈ ನೆನಪನ್ನು ನಂಬಿಯೇ.

ಜೋಡಣೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲು ನ್ಯೂಯಾರ್ಕಿನ ಗೀಸ್ ತಂಡದ 'ಗೆಟಿಂಗ್ ಕಿಲ್ಡ್' ಕೇಳಿ. 2025ರ ಸೆಪ್ಟೆಂಬರ್ 26ರಂದು ಬಂತು. ಇಪ್ಪತ್ತರ ಹರೆಯದ ನಾಲ್ವರು, ಹನ್ನೊಂದು ಹಾಡು. ಮೊದಲ ಹಾಡು 'ಟ್ರಿನಿಡಾಡ್'ನಲ್ಲಿ ಗಾಯಕ ಕ್ಯಾಮರನ್ ವಿಂಟರ್ ಮೆಲ್ಲಗೆ ಗೊಣಗುತ್ತಾ ಇದ್ದಕ್ಕಿದ್ದಂತೆ ಕಾರಿನಲ್ಲಿ ಬಾಂಬಿದೆ ಅಂತ ಅರಚುತ್ತಾನೆ. ಮನೆಯವರೆಲ್ಲ ಓಡಿ ಬರುವ ಹಾಗೆ! ಬಹಳ ಜನ ಅಲ್ಲೇ ಆರಿಸಿಬಿಟ್ಟಿರುತ್ತಾರೆ. ಆರಿಸದೆ ಕುಳಿತವರಿಗೆ ಎರಡನೇ ಹಾಡು 'ಕೋಬ್ರಾ' ತುಂಬು ಮೃದುವಾಗಿ ಬರುತ್ತದೆ, ಮೊದಲಿನ ಅರಚಾಟ ಇಲ್ಲದಿದ್ದರೆ ಅದು ಅಷ್ಟು ಸಿಹಿಯಾಗಿ ಕೇಳುತ್ತಿರಲಿಲ್ಲ. ಹತ್ತನೆಯದು 'ಟ್ಯಾಕ್ಸಸ್'. ಅರ್ಧ ಹಾಡು ಬರೀ ತಾಳ ಮತ್ತು ದನಿ, ಆಮೇಲೆ ಗಿಟಾರುಗಳು ಒಟ್ಟಿಗೆ ಬಾಗಿಲು ತೆರೆದಂತೆ ಬರುತ್ತವೆ. ಒಂಬತ್ತು ಹಾಡು ದಾಟಿ ಬಂದ ಕಿವಿಗೆ ಆ ಬಾಗಿಲು ಇನ್ನೂ ದೊಡ್ಡದು. ವಿಂಟರ್‌ನ ದನಿ ಶ್ರುತಿ ತಪ್ಪಿದಂತೆ ಅನಿಸಬಹುದು. ನನಗೂ ಅನಿಸಿತ್ತು, ಎರಡನೇ ಸಲಕ್ಕೆ ಆ ಅಲುಗಾಟವೇ ಬೇಕು ಅನಿಸಿತು.

   

ಮೂರು ಸಲ ಕೊಟ್ಟೂ ನಾನು ಬಿಟ್ಟ ಆಲ್ಬಮ್‌ಗಳು ಬೇಕಾದಷ್ಟಿವೆ. ಅದರಲ್ಲಿ ತಪ್ಪೇನಿಲ್ಲ. ಎಲ್ಲರೂ ಹೊಗಳಿದರು ಅಂತ ನಾಲ್ಕನೇ, ಐದನೇ ಸಲ ಒತ್ತಾಯದಿಂದ ಕೂರಬೇಡಿ, ಸಂಗೀತ ಪರೀಕ್ಷೆಯ ಓದಲ್ಲ. ಆದರೆ ಡಿಲೀಟ್ ಮಾಡದೆ ಇಟ್ಟಿರಿ. ಎರಡು ವರ್ಷ ಬಿಟ್ಟು ಒಂದು ದಿನ ತಾನಾಗಿ ಕರೆದ ಆಲ್ಬಮ್‌ಗಳೂ ನನ್ನಲ್ಲಿವೆ.

ಈ ವಾರ ಶುರುಮಾಡುವುದಾದರೆ ದಿ ಕ್ಯೂರ್‌ನಿಂದಲೇ ಮಾಡಿ. ರಾತ್ರಿ ಊಟ ಆದ ಮೇಲೆ, ಮೊಬೈಲನ್ನು ಬೋರಲು ಇಟ್ಟು ಕುಳಿತುಕೊಳ್ಳಿ. ಐದನೇ ಹಾಡು ಮುಗಿಯುತ್ತಿದ್ದಂತೆ ಎದ್ದು ಫ್ಯಾನ್ ಆರಿಸಿ. ಆ ಗುಡುಗು ಬಹಳ ಮೆಲ್ಲಗಿದೆ.