ಬೇಸ್‌ಮೆಂಟ್ ಗೋಡೆಯ ಆಚೆ ನಿಂತ ನೀರು

ಮಳೆಗಾಲ ಬಂತೆಂದರೆ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಿನಲ್ಲಿ ಗೋಡೆಯ ಬುಡ ಒದ್ದೆಯಾಗುತ್ತದೆ. ಪೇಂಟರ್ ಬಂದು 'ವಾಟರ್‌ಪ್ರೂಫ್' ಡಬ್ಬಿ ಬಳಿದು ಹೋಗುತ್ತಾನೆ. ಮುಂದಿನ ಮಳೆಗೆ ಅದೂ ಹಪ್ಪಳದ ಹಾಗೆ ಎದ್ದುಬರುತ್ತದೆ.

ಅವನನ್ನು ಬೈದು ಪ್ರಯೋಜನವಿಲ್ಲ. ನೀರಿನಲ್ಲಿ ಒಂದು ಮೀಟರ್ ಆಳಕ್ಕಿಳಿದರೆ ಚದರ ಮೀಟರಿಗೆ ಒಂದು ಟನ್ ಭಾರದಷ್ಟು ಒತ್ತಡ. ಹೊರಗಿನ ಮಣ್ಣು ನೆಲಮಟ್ಟದವರೆಗೂ ನೀರು ತುಂಬಿಕೊಂಡು ನಿಂತರೆ, 3 ಮೀಟರ್ ಆಳದ ಬೇಸ್‌ಮೆಂಟಿನ ನೆಲವನ್ನು ಚದರ ಮೀಟರಿಗೆ 3 ಟನ್ ಬಲ ಕೆಳಗಿನಿಂದ ಎತ್ತುತ್ತಿರುತ್ತದೆ. 150 ಮಿ.ಮೀ. ದಪ್ಪದ ಕಾಂಕ್ರೀಟ್ ನೆಲದ ತೂಕವಾದರೋ ಚದರ ಮೀಟರಿಗೆ ಸುಮಾರು 360 ಕಿಲೋ. ಕಂಬಿ, ಕಂಬಗಳ ಹಿಡಿತ ಸಾಲದಿದ್ದರೆ ಅಂಥ ನೆಲ ಉಬ್ಬಿ ಬಿರುಕು ಬಿಡುತ್ತದೆ. ಒಳಗೆ ಬಳಿದ ಬಣ್ಣವನ್ನು ಈ ನೀರು ಗೋಡೆಯಿಂದ ಕಿತ್ತು ದೂಡುತ್ತದೆ. ಹೊರಮೈಗೆ ಹಾಕಿದ ಪದರವನ್ನು ಅದೇ ನೀರು ಗೋಡೆಗೆ ಒತ್ತಿ ಕೂರಿಸುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ದುಡ್ಡು ಉಳಿಯುತ್ತದೆ.

ಹೊರಗಿನಿಂದಲೇ ತಡೆಯುವ ಹಳೆಯ ಪದ್ಧತಿಗೆ 'ಬಾಕ್ಸ್ ಟೈಪ್' ಎನ್ನುತ್ತಾರೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನು ತಳದಲ್ಲಿ ಹಾಸಿ, ಸಂದಿಗಳಿಗೆ ಗಾರೆ ತುಂಬಿ, ಅದರ ಮೇಲೆ ನೆಲದ ಕಾಂಕ್ರೀಟ್ ಹಾಕುತ್ತಾರೆ. ಗೋಡೆ ಎದ್ದ ಮೇಲೆ ಅದರ ಹೊರಗೂ ಚಪ್ಪಡಿ ನಿಲ್ಲಿಸಿ, ನಡುವಿನ ಸಂದಿಗೆ ತೆಳು ಸಿಮೆಂಟ್ ಸುರಿಯುತ್ತಾರೆ. ಈಗ ಚಪ್ಪಡಿಯ ಬದಲು ನೀರು ತಡೆಯುವ ಶೀಟ್‌ಗಳು ಬಂದಿವೆ, ಆದರೆ ತತ್ವ ಅದೇ.

ಕಟ್ಟಿ ಮುಗಿದ ಮನೆಯಲ್ಲಿ ಮೊದಲು ನೀರಿನ ಮೂಲ ಹುಡುಕಬೇಕು. ಒದ್ದೆ ಗೋಡೆಯ ಒಂದು ಭಾಗವನ್ನು ಒರೆಸಿ ಒಣಗಿಸಿ, ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾದರೆ ಅದು ಗಾಳಿಯ ತೇವ, ಬೇಕಾದದ್ದು ಫ್ಯಾನ್. ಗೋಡೆಯ ಕಡೆ ಹನಿಗಟ್ಟಿದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಬೇಸಿಗೆಯಲ್ಲೂ ಜಿನುಗುತ್ತಿದ್ದರೆ ಪಕ್ಕದ ಸಂಪನ್ನು ಅನುಮಾನಿಸಿ: ರಾತ್ರಿ ಒಳಹರಿವು, ಪಂಪ್ ಎರಡನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೊಂದು ಗೀಟು ಹಾಕಿ ಬೆಳಿಗ್ಗೆ ನೋಡಿದರೆ ಸಾಕು.

ಸಾಮಾನ್ಯವಾಗಿ ಸೋರುವುದು ನೆಲ, ಗೋಡೆ ಸೇರುವ ಕಡೆ. ಎರಡನ್ನೂ ಬೇರೆ ಬೇರೆ ದಿನ ಹಾಕಿರುವುದರಿಂದ ಹಳೆಯ ಕಾಂಕ್ರೀಟಿಗೆ ಹೊಸದು ಪೂರ್ತಿ ಬೆಸೆದಿರುವುದಿಲ್ಲ. ಅಲ್ಲಿ ಪಿವಿಸಿ ವಾಟರ್‌ಸ್ಟಾಪ್ ಪಟ್ಟಿ ಕೂರಿಸುವುದು ಕಟ್ಟುವಾಗಿನ ಕೆಲಸ. ತಪ್ಪಿಹೋಗಿದ್ದರೆ ಈಗ ಉಳಿದದ್ದು ಇಂಜೆಕ್ಷನ್. ಬಿರುಕಿನ ಅಕ್ಕಪಕ್ಕದಿಂದ ಓರೆಯಾಗಿ ತೂತು ಕೊರೆದು ಪಾಲಿಯುರಿಥೇನ್ ದ್ರವವನ್ನು ಒತ್ತಡದಿಂದ ತುಂಬುತ್ತಾರೆ. ನೀರು ತಗುಲಿದ ಕೂಡಲೇ ಅದು ನೊರೆಯಾಗಿ ಉಬ್ಬಿ ದಾರಿ ಮುಚ್ಚುತ್ತದೆ. ಬಿರುಕಿನಿಂದ ಗೋಡೆಯ ಬಲವೇ ಕುಂದಿದ್ದರೆ ಗಟ್ಟಿಯಾಗಿ ಬೆಸೆಯುವ ಎಪಾಕ್ಸಿ ಅಂಟು ಬೇಕು, ಅದಕ್ಕೆ ಸಾಮಾನ್ಯವಾಗಿ ಬಿರುಕು ಒಣಗಿರಬೇಕು.

ಇಷ್ಟೆಲ್ಲ ಮಾಡಿಯೂ ಟೆರೇಸಿನ ಪೈಪು ಗೋಡೆಯ ಬುಡಕ್ಕೇ ನೀರು ಬಿಡುತ್ತಿದ್ದರೆ ದುಡ್ಡು ದಂಡ. ಮನೆಯಿಂದ ಆಚೆಗೆ 10 ಅಡಿಗೆ 6 ಇಂಚಿನಷ್ಟಾದರೂ ಇಳಿಜಾರಿರಲಿ. ಇಂಗುಗುಂಡಿಯನ್ನು ಬೇಸ್‌ಮೆಂಟ್ ಗೋಡೆಗೆ ಒತ್ತಿಕೊಂಡೇ ತೋಡುವವರಿದ್ದಾರೆ. ಮಳೆನೀರು ಕೊಯ್ಲು ಒಳ್ಳೆಯದೇ, ಆದರೆ ಅದನ್ನು ಅಲ್ಲಿ ಇಂಗಿಸುವುದೆಂದರೆ ಶತ್ರುವಿಗೆ ಮನೆ ಪಕ್ಕದಲ್ಲೇ ಸೈಟು ಕೊಟ್ಟ ಹಾಗೆ.

ಒಳಗೆ ಸೇರಿದ ನೀರಿಗೆ ಗುಂಡಿ ಮತ್ತು ಫ್ಲೋಟ್ ಸ್ವಿಚ್ (ನೀರೇರಿದಾಗ ತಾನೇ ಪಂಪ್ ಹಚ್ಚುವ ಸ್ವಿಚ್) ಇರುವ ಪಂಪ್ ಬೇಕು. ಪಂಪಿಗೆ ಜನರೇಟರ್ ಲೈನ್ ಇರಲಿ, ಜೋರು ಮಳೆಗೆ ಮೊದಲು ಹೋಗುವುದೇ ಕರೆಂಟು. ಮೀಟರ್ ಬೋರ್ಡ್ ಬೇಸ್‌ಮೆಂಟಿನಲ್ಲೇ ಇದ್ದರೆ, ನೀರು ನಿಂತಾಗ ಕಟ್ಟಡಕ್ಕೆ ಬರುವ ಕರೆಂಟನ್ನು ಹೊರಗಿನಿಂದ ತೆಗೆಸುವವರೆಗೆ ಕಾರು ತರಲು ಯಾರೂ ಇಳಿಯಕೂಡದು.