ನಗೆ ಲಾರ್ಪ್‌ಗೆ ಜೋಕು ಬೇಡ, ಕ್ಯೂ ಬೇಕು

ಆಟಪ್ರಿಯರ ಸಮಾವೇಶದಲ್ಲಿ ಅರವತ್ತು ಜನ ಆಡುವ ನಗೆ ಲಾರ್ಪ್ ಬರೆದಿದ್ದೇವೆ, ಒಮ್ಮೆ ನೋಡಿಕೊಡಿ ಅಂತ ಬರುವವರ ಫೈಲಿನಲ್ಲಿ ಮೊದಲ ಹತ್ತು ಪುಟ ಬರೀ ಜೋಕು. ಪಾತ್ರದ ಹೆಸರು ಜೋಕು, ರಾಜ್ಯದ ಹೆಸರು ಜೋಕು, ರಾಷ್ಟ್ರಗೀತೆಯೂ ಜೋಕು. ಓದುವಾಗ ನಗು ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಆಟ ಶುರುವಾದ ಕಾಲು ಗಂಟೆಗೆ ಅಷ್ಟೂ ಖರ್ಚಾಗಿ ಹೋಗುತ್ತದೆ. ಆಮೇಲೆ ಆ ಅರವತ್ತು ಜನ ಏನು ಮಾಡಬೇಕು? ಅದು ಹನ್ನೊಂದನೇ ಪುಟದಲ್ಲೂ ಇರುವುದಿಲ್ಲ.

ಲಾರ್ಪ್ (ಲೈವ್ ಆ್ಯಕ್ಷನ್ ರೋಲ್‌ಪ್ಲೇಯಿಂಗ್) ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೇಕ್ಷಕರೇ ಇಲ್ಲದ ನಾಟಕ ಅಂದುಕೊಳ್ಳಿ. ಮಾತುಗಳನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಒಬ್ಬೊಬ್ಬರಿಗೂ ಒಂದು ಪಾತ್ರ, ಒಂದೆರಡು ಗುಟ್ಟು, ಒಂದಷ್ಟು ಆಸೆ ಇರುತ್ತವೆ, ಮುಂದಿನದು ಅವರಿಗೇ ಬಿಟ್ಟದ್ದು. ಬಯಲಲ್ಲಿ ಮೆತ್ತನೆಯ ಕತ್ತಿ ಹಿಡಿದು ಆಡುವ ಬಗೆ ಬೇರೆ. ಇಂಗ್ಲೆಂಡಿನ ಪೆಕ್‌ಫೋರ್ಟನ್ ಕೋಟೆಯಲ್ಲಿ 1982ರಲ್ಲಿ ಶುರುವಾದ ಟ್ರೆಷರ್ ಟ್ರ್ಯಾಪ್ ಆ ಸಾಲಿನದು. ಹೋಟೆಲಿನ ಕೋಣೆಗಳಲ್ಲಿ, ಚೀಟಿ ಮತ್ತು ಲಕೋಟೆಗಳ ಜೊತೆ, ಬರೀ ಮಾತಿನಲ್ಲೇ ಆಡುವುದು ಇನ್ನೊಂದು ಬಗೆ. 1983ರಲ್ಲಿ ಬೋಸ್ಟನ್ನಿನ ಬೋಸ್ಕೋನ್ ಅನ್ನುವ ವೈಜ್ಞಾನಿಕ ಕಥಾಪ್ರಿಯರ ಸಮಾವೇಶದಲ್ಲಿ ಸೊಸೈಟಿ ಫಾರ್ ಇಂಟರಾಕ್ಟಿವ್ ಲಿಟರೇಚರ್‌ನವರು ನಡೆಸಿದ ರೆಕಾನ್-1 ಈ ಬಗೆಯ ಮೊದಮೊದಲ ಆಟಗಳಲ್ಲಿ ಒಂದು. ನಾನು ಇಲ್ಲಿ ಹೇಳುತ್ತಿರುವುದು ಈ ಎರಡನೆಯದರ ಬಗ್ಗೆ.

ದೊಡ್ಡ ಆಟದ ತೊಂದರೆ ಏನು ಗೊತ್ತಾ? ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ವೇದಿಕೆಯ ಮೇಲೆ ನಿಂತವರು ಒಂದು ಒಳ್ಳೇ ಮಾತು ಬಿಟ್ಟರೆ ಇಡೀ ಹಾಲ್ ನಗುತ್ತದೆ. ಇಲ್ಲಿ ಅದೇ ಮಾತು ಪಕ್ಕದಲ್ಲಿರುವ ನಾಲ್ಕೈದು ಜನರನ್ನು ದಾಟುವುದಿಲ್ಲ. ಅಂದರೆ ಒಂದೇ ಹೊತ್ತಿಗೆ ಹತ್ತು ಹದಿನೈದು ಕಡೆ ನಗು ಹುಟ್ಟಬೇಕು, ಅದನ್ನು ಹುಟ್ಟಿಸುವವರು ಹಾಸ್ಯ ಕಲಾವಿದರಲ್ಲ, ಬೆಳಗ್ಗೆಯಿಂದ ಸಮಾವೇಶ ಸುತ್ತಿ ಕಾಲು ನೋಯುತ್ತಿರುವ ಸಾಮಾನ್ಯ ಜನ, ಅವರಲ್ಲಿ ಅರ್ಧಕ್ಕರ್ಧ ಮಂದಿ ಒಬ್ಬರಿಗೊಬ್ಬರು ಪರಿಚಯವೂ ಇಲ್ಲ. ಅವರ ಕೈಗೆ ಜೋಕು ಕೊಟ್ಟರೆ ಓದಿ ಹೇಳುತ್ತಾರೆ, ಅಷ್ಟೇ. ಅದರ ಬದಲು ಕೆಲಸ ಕೊಡಿ. ಬೇಗ ಮುಗಿಯದ ಕೆಲಸ ಕೊಡಿ.

ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ರಾಜ ಸತ್ತಿದ್ದಾನೆ. ಆದರೆ ಮರಣ ಪತ್ರ ಬರುವವರೆಗೆ ಕಾನೂನಿನ ಪ್ರಕಾರ ಬದುಕಿದ್ದಾನೆ. ಪಟ್ಟ ಏರಲು ಮೂವರು ವಾರಸುದಾರರು ತಯಾರಾಗಿದ್ದಾರೆ, ನೆರೆರಾಜ್ಯದ ರಾಯಭಾರಿ ಸಂತಾಪ ಹೇಳಲು ಬಂದಿದ್ದಾನೆ, ಆದರೆ ಬದುಕಿರುವ ರಾಜನಿಗೆ ಸಂತಾಪ ಹೇಳಿದರೆ ಯುದ್ಧ ಸಾರಿದ ಹಾಗೆ. ಹೆಣದ ಪೆಟ್ಟಿಗೆ ಮಾಡುವವನಿಗೆ ಮುಂಗಡ ಬೇಕು. ಸತ್ತ ರಾಜನೂ ಆಟದಲ್ಲಿದ್ದಾನೆ, ಪತ್ರಕ್ಕೆ ಅವನದೇ ಸಹಿ ಬೇಕಲ್ವಾ.

ಈಗ ಹಾಲಿನ ನಡುವೆ ಒಂದು ಮೇಜು ಹಾಕಿ. ಮೇಜಿನ ಹಿಂದೆ ಇಬ್ಬರು ಗುಮಾಸ್ತರು. ಇಡೀ ರಾಜ್ಯಕ್ಕೆ ಒಂದೇ ಸೀಲು, ಅದು ಒಬ್ಬಳ ಹತ್ತಿರ ಇದೆ. ಒಂದೇ ಇಂಕ್ ಪ್ಯಾಡು, ಅದು ಇನ್ನೊಬ್ಬನ ಹತ್ತಿರ. ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿವೆ. ಸೀಲಿನ ಗುಮಾಸ್ತೆಯ ಪಾತ್ರಪತ್ರದಲ್ಲಿ ಮೂರೇ ಆಸೆ: ಬಡ್ತಿ ಸಿಗಬೇಕು, ಗಂಟೆಗೊಮ್ಮೆ ಹತ್ತು ನಿಮಿಷದ ವಿರಾಮ ತಪ್ಪಬಾರದು, ಪಕ್ಕದವನು ಕ್ಷಮೆ ಕೇಳುವವರೆಗೆ ಅವನ ಇಂಕು ಮುಟ್ಟಬಾರದು. ಇದರಲ್ಲಿ ನಗುವಂಥದ್ದು ಏನಿದೆ? ಏನೂ ಇಲ್ಲ. ಈಗ ಕಿರೀಟ ಹಾಕಿಕೊಂಡ ಯುವರಾಜ ಮರಣ ಪತ್ರಕ್ಕಾಗಿ ಏಳನೇ ನಮೂನೆ ಹಿಡಿದು ಕ್ಯೂನಲ್ಲಿ ಬರುತ್ತಾನೆ, ಅವನ ಮುಂದೆ ಪೆಟ್ಟಿಗೆಯವನು, ಹಿಂದೆ ಮಾರುವೇಷದಲ್ಲಿರುವ ರಾಯಭಾರಿ. ಗುಮಾಸ್ತೆ ಗಡಿಯಾರ ನೋಡಿ "ವಿರಾಮ" ಅಂತ ಫಲಕ ಇಡುತ್ತಾಳೆ. ಸೀಲಿಗೆ ಇಂಕಿಲ್ಲ, ಇಂಕಿಗೆ ಸೀಲಿಲ್ಲ. ಯುವರಾಜ ಈಗ ಇಬ್ಬರು ಗುಮಾಸ್ತರ ಹಳೇ ಜಗಳ ಬಗೆಹರಿಸಲು ಕೂರಬೇಕು. ಇಲ್ಲಿಂದ ಮುಂದೆ ನೀವು ಬರೆಯಬೇಕಾದದ್ದು ಏನೂ ಇಲ್ಲ, ಅವರೇ ಆಡಿಕೊಳ್ಳುತ್ತಾರೆ.

ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಪದವಿ ಒಬ್ಬರದು, ಹಿಡಿತ ಇನ್ನೊಬ್ಬರದು. ಆಶುನಾಟಕ ಕಲಿಸುತ್ತಿದ್ದ ಕೀತ್ ಜಾನ್‌ಸ್ಟೋನ್ 1979ರಲ್ಲೇ ಈ ಏರಿಳಿತದ ಬಗ್ಗೆ ಬರೆದಿದ್ದರು: ಪ್ರತಿ ಮಾತಿಗೂ ಒಬ್ಬರು ಸ್ವಲ್ಪ ಮೇಲೇರುತ್ತಾರೆ ಇಲ್ಲವೇ ಇಳಿಯುತ್ತಾರೆ, ನೋಡುವವರಿಗೆ ಮಜಾ ಕೊಡುವುದು ಅದು. ಲಾರ್ಪ್‌ನಲ್ಲಿ ಆಟಗಾರರಿಗೆ ಈ ಪಾಠ ಹೇಳಿಕೊಡಲು ಸಮಯ ಇರುವುದಿಲ್ಲ. ಹಾಗಾಗಿ ವಸ್ತುವಿನಲ್ಲೇ ಅದನ್ನು ಅಡಗಿಸಬೇಕು. ಸೀಲು ನಿಜವಾದ ರಬ್ಬರ್ ಸೀಲೇ ಆಗಿರಲಿ, ಕಾಗದದ ಮೇಲೆ ಕುಟ್ಟಿದರೆ ಸದ್ದು ಬರಬೇಕು. "ಇದು ಸೀಲು" ಅಂತ ಬರೆದ ಚೀಟಿ ಕೊಟ್ಟರೆ ಅರ್ಧ ಮಜಾ ಹೋಯಿತು.

ಕ್ಯೂ ಬಗ್ಗೆ ಒಂದು ಎಚ್ಚರಿಕೆ. ಇನ್ನೊಬ್ಬ ಆಟಗಾರರ ಮುಂದೆ ನಿಂತ ಕ್ಯೂ ನಗೆ. ಆಟ ನಡೆಸುವವರ ಮುಂದೆ ನಿಂತ ಕ್ಯೂ ಬರೀ ಬೇಜಾರು. ನೋಡಲು ಎರಡೂ ಒಂದೇ ಥರ ಇರುತ್ತವೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಬೀಗ ತೆಗೆಯಲು ನಿಮ್ಮನ್ನು ಕೇಳಬೇಕು, ವಿಷ ಹಾಕಲು ನಿಮ್ಮನ್ನು ಕೇಳಬೇಕು, ಭೂತದ ಜೊತೆ ಮಾತಾಡಲು ನಿಮ್ಮನ್ನೇ ಕೇಳಬೇಕು ಅಂತಾದರೆ ಅರವತ್ತು ಜನರ ಆಟ ಅರ್ಧ ಗಂಟೆಯಲ್ಲಿ ನಿಂತುಹೋಗುತ್ತದೆ. ನಿಯಮವನ್ನು ಚೀಟಿಯ ಮೇಲೇ ಬರೆಯಿರಿ: "ಇಬ್ಬರ ಎದುರು ಈ ಪೆಟ್ಟಿಗೆ ಮುಟ್ಟಿದರೆ ಲಕೋಟೆ ಒಡೆಯಿರಿ." ಹತ್ತು ಹನ್ನೆರಡು ಆಟಗಾರರಿಗೆ ಒಬ್ಬ ನಿರ್ವಾಹಕರಿದ್ದರೆ ಸಾಕು ಅನ್ನುವುದು ನನ್ನ ಲೆಕ್ಕ, ಆದರೆ ಅವರು ಮೇಜಿನ ಹಿಂದೆ ಕೂರಬಾರದು. ತಿರುಗಾಡುತ್ತಾ, ಗೋಡೆಗೆ ಒರಗಿ ಸುಮ್ನೆ ನಿಂತವರನ್ನು ಹುಡುಕಿ, "ಯುವರಾಜ ನಿಮ್ಮನ್ನು ಕೇಳ್ತಿದ್ದರಂತೆ" ಅಂತ ಒಂದು ಮಾತು ಹಾಕಬೇಕು. ಯುವರಾಜ ಕೇಳಿರಲಿ, ಬಿಡಲಿ.

ಪಾತ್ರಪತ್ರ ಎರಡು ಪುಟ ದಾಟಬಾರದು. ಮೂರು ಆಸೆಗಳಲ್ಲಿ ಒಂದು ಅರ್ಧ ಗಂಟೆಯಲ್ಲಿ ಕೈಗೂಡುವಂಥದ್ದು, ಒಂದು ಇನ್ನಿಬ್ಬರ ನೆರವಿಲ್ಲದೆ ಆಗದ್ದು, ಇನ್ನೊಂದು ಆಗಲಾರದ್ದು. ಆಸೆ ಸಣ್ಣದಿದ್ದಷ್ಟೂ ಒಳ್ಳೆಯದು. ಲೋಕವನ್ನು ಗೆಲ್ಲಬೇಕು ಅನ್ನುವವನಿಂದ ನಗು ಬರುವುದು ಕಷ್ಟ, ಸತ್ತ ರಾಜನಿಗೆ ಸಾಲ ಕೊಟ್ಟ ಕೊಡೆಯನ್ನು ವಾಪಸ್ ಪಡೆಯಬೇಕು ಅನ್ನುವವನಿಂದ ಸುಲಭ. ಪ್ರತಿ ಪಾತ್ರಕ್ಕೂ ಕನಿಷ್ಠ ಇಬ್ಬರು ಬೇರೆ ಗುಂಪಿನವರ ಹೆಸರು ಕೊಟ್ಟಿರಿ, ಅವರ ಪತ್ರಗಳಲ್ಲಿ ಇವರ ಹೆಸರೂ ಇರಲಿ. ಇದನ್ನು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ನೋಡಿದರೆ ಯಾರು ಒಂಟಿ ಅಂತ ತಕ್ಷಣ ಕಾಣುತ್ತದೆ.

ಬ್ರೀಫಿಂಗ್‌ನಲ್ಲಿ, ಅಂದರೆ ಆಟಕ್ಕೆ ಮೊದಲು ನಿಯಮ ಹೇಳುವಾಗ, ಹೇಳಬೇಕಾದ ಮುಖ್ಯ ಮಾತು: ನಗಿಸಲು ಹೋಗಬೇಡಿ. ನಿಮ್ಮ ಕೊಡೆ ನಿಮಗೆ ಪ್ರಾಣ, ಅಷ್ಟೇ. ಎಲ್ಲರೂ ವಿದೂಷಕರಾದರೆ ಯಾರನ್ನು ನೋಡಿ ನಗುವುದು? ನೋಂದಣಿಯ ಹೊತ್ತಿಗೇ ಒಂದು ಸಣ್ಣ ಪ್ರಶ್ನಾವಳಿ ಕಳಿಸಿ: ಗಲಾಟೆ ಇಷ್ಟವೋ, ಮೂಲೆಯಲ್ಲಿ ಕೂತು ಪಿತೂರಿ ಮಾಡುವುದು ಇಷ್ಟವೋ, ಮುಟ್ಟಬಾರದ ವಿಷಯ ಏನಾದರೂ ಇದೆಯೋ. ಗಂಭೀರ ಮುಖದವರು ಸಿಕ್ಕರೆ ಬಿಡಬೇಡಿ, ಸೀಲಿನ ಮೇಜಿಗೆ ಅವರೇ ಬೇಕು.

ಸಾವಿನ ವಿಚಾರ. ಮೊದಲ ಗಂಟೆಯಲ್ಲೇ ಸತ್ತು ಕಾರಿಡಾರಿನಲ್ಲಿ ಮೊಬೈಲ್ ನೋಡುತ್ತಾ ಕೂತ ಆಟಗಾರನನ್ನು ಕಂಡರೆ ಬೇಸರವಾಗುತ್ತೆ. 1984ರಲ್ಲಿ ಬಂದ ಪ್ಯಾರನೋಯಾ ಅನ್ನುವ, ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟ ಇದಕ್ಕೆ ಸೊಗಸಾದ ದಾರಿ ಹುಡುಕಿತ್ತು: ಒಬ್ಬೊಬ್ಬರಿಗೂ ಆರು ತದ್ರೂಪುಗಳು, ಒಂದು ಸತ್ತರೆ ಇನ್ನೊಂದು ಹಾಜರು. ನಮ್ಮ ರಾಜ್ಯದಲ್ಲಿ ಅದೂ ಬೇಡ. ಯಾರು ಸತ್ತರೂ ಮರಣ ಪತ್ರ ಸಿಗುವವರೆಗೆ ಬದುಕಿದ್ದ ಹಾಗೇ ಲೆಕ್ಕ, ಹೋಗಿ ಕ್ಯೂನಲ್ಲಿ ನಿಲ್ಲಲಿ.

ಸಮಾವೇಶ ಅಂದಮೇಲೆ ಹೆಸರು ಕೊಟ್ಟವರೆಲ್ಲ ಬರುವುದಿಲ್ಲ. ಹಿಂದಿನ ಸ್ಲಾಟಿನ ಆಟ ಮುಗಿದಿರುವುದಿಲ್ಲ, ನಿದ್ದೆ ಹತ್ತಿರುತ್ತದೆ, ಯಾರೋ ಹಳೇ ಸ್ನೇಹಿತರು ಸಿಕ್ಕಿರುತ್ತಾರೆ. ಅರವತ್ತಕ್ಕೆ ಬರೆದ ಆಟ ನಲವತ್ತೈದು ಜನಕ್ಕೂ ನಡೆಯಬೇಕು. ಅದಕ್ಕೆ ಐದಾರು ಜನರ ಗುಂಪುಗಳಾಗಿ ಬರೆಯಿರಿ, ಯಾವ ಮುಖ್ಯ ಗುಟ್ಟೂ ಒಬ್ಬರ ಹತ್ತಿರವೇ ಇರಬಾರದು, ಯಾವ ಪಾತ್ರಗಳನ್ನು ಮೊದಲು ಕೈಬಿಡಬಹುದು ಅಂತ ಮೊದಲೇ ಗುರುತು ಹಾಕಿಕೊಳ್ಳಿ. ತಡವಾಗಿ ಬರುವವರಿಗೆ ನಾಲ್ಕೈದು ತಪಾಸಣಾಧಿಕಾರಿ ಪಾತ್ರ ಇಟ್ಟಿರಿ. ತಪಾಸಣೆಯವರು ಮಧ್ಯದಲ್ಲಿ ನುಗ್ಗಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ನಾಲ್ಕು ಗಂಟೆಯ ಸ್ಲಾಟ್ ಸಿಕ್ಕಿತು ಅಂತ ನಾಲ್ಕು ಗಂಟೆ ಆಡಿಸಬೇಡಿ. ಕಾಲು ಗಂಟೆ ಹಿಂದಿನವರು ಖಾಲಿ ಮಾಡಲು, ಅರ್ಧ ಗಂಟೆ ಪಾತ್ರ ಹಂಚಿ ನಿಯಮ ಹೇಳಲು, ಎರಡೂ ಮುಕ್ಕಾಲು ಗಂಟೆ ಆಟ, ಕೊನೆಯ ಅರ್ಧ ಗಂಟೆ ಮಾತಿಗೆ ಮತ್ತು ಸಾಮಾನು ಎತ್ತಿಡಲು. ನಗುವುದಕ್ಕೂ ಶಕ್ತಿ ಬೇಕು, ಮೂರು ಗಂಟೆ ಮೀರಿದರೆ ಗಂಟಲು ಕಟ್ಟುತ್ತದೆ. ಸಂಜೆಯ ಸ್ಲಾಟ್ ಕೇಳಿ, ಬೆಳಗಿನದು ಬೇಡವೇ ಬೇಡ. ಹಾಲಿನ ಪಕ್ಕ ಒಂದು ಸಣ್ಣ ಕೋಣೆ ಸಿಕ್ಕರೆ ಅದೃಷ್ಟ, ಕಿವಿ ತಂಪಾಗಬೇಕಾದವರು ಅಲ್ಲಿ ಕೂರಲಿ, ಆಟದ ಮಾತು ಅಲ್ಲಿ ಆಡುವಂತಿಲ್ಲ. ನಿಜದ ಥರ ಕಾಣುವ ಆಯುಧ ಖಂಡಿತ ಬೇಡ, ಕಾರಿಡಾರಿನಲ್ಲಿ ಓಡುವವರಿಗೆ ಅದು ಆಟಿಕೆ, ಎದುರು ಬರುವ ಬೇರೆ ಅತಿಥಿಗಳಿಗೆ ಅಲ್ಲ. ವೇಷಕ್ಕೆ ಒಂದೊಂದು ಟೋಪಿ ಸಾಕು. ಎದೆಯ ಮೇಲೆ ದೊಡ್ಡ ಅಕ್ಷರದ ಬ್ಯಾಡ್ಜ್ ಮಾತ್ರ ಇರಲೇಬೇಕು.

ಇಟಲಿಯಲ್ಲಿ 16ನೇ ಶತಮಾನದಿಂದ ನಡೆದುಬಂದ ಕಾಮೆಡಿಯಾ ಡೆಲ್ ಆರ್ಟೆ ನಟರು ಮಾತು ಬರೆದುಕೊಳ್ಳುತ್ತಿರಲಿಲ್ಲ, ಯಾವಾಗ ಯಾರು ಬರಬೇಕು ಅನ್ನುವ ಒಂದು ಹಾಳೆಯನ್ನು ಪರದೆಯ ಹಿಂದೆ ಅಂಟಿಸಿರುತ್ತಿದ್ದರು. ನಿರ್ವಾಹಕರ ಕೋಣೆಯ ಬಾಗಿಲಿಗೆ ನೀವೂ ಅಂಥದ್ದೇ ಒಂದು ಹಾಳೆ ಅಂಟಿಸಿ. ಇಡೀ ಹಾಲಿಗೆ ಕೇಳುವ ಘೋಷಣೆ ಮೂರಕ್ಕಿಂತ ಜಾಸ್ತಿ ಬೇಡ: ರಾಜನ ಉಯಿಲು ಸಿಕ್ಕಿತು, ಏಳನೇ ನಮೂನೆ ರದ್ದಾಗಿ ಎಂಟನೇದು ಬಂತು, ಕಚೇರಿ ಇನ್ನು ಅರ್ಧ ಗಂಟೆಯಲ್ಲಿ ಮುಚ್ಚುತ್ತದೆ. ಎರಡನೆಯದಕ್ಕೆ ಹಾಲಿನಿಂದ ಏಳುವ ನರಳಾಟ ಕೇಳಬೇಕು ನೀವು.

ಸುರಕ್ಷತೆಯ ಮಾತಿಗೆ ಬಂದರೆ, ಗಂಭೀರ ಆಟಕ್ಕಿಂತ ನಗೆಯಾಟದಲ್ಲೇ ಹೆಚ್ಚು ಹುಷಾರಾಗಿರಬೇಕು ಅನ್ನುವುದು ನನ್ನ ಅನಿಸಿಕೆ. ಇಲ್ಲಿ ಎಲ್ಲರೂ ಕೂಗುತ್ತಿರುತ್ತಾರೆ, ಅಳುತ್ತಿರುತ್ತಾರೆ, "ಅಯ್ಯೋ ಬಿಡಿ ನನ್ನನ್ನು" ಅಂತಿರುತ್ತಾರೆ. ನಿಜವಾಗಿ ಸಾಕಾದವರ ಕೂಗು ಅದರಲ್ಲೇ ಮುಳುಗಿಹೋಗುತ್ತದೆ. ಅದಕ್ಕೆ ತಮಾಷೆಗೆ ಯಾರೂ ಮಾಡದ ಸನ್ನೆಗಳು ಬೇಕು. ಹಲವು ಲಾರ್ಪ್‌ಗಳಲ್ಲಿ ಬಳಕೆಯಲ್ಲಿರುವ ಎರಡು ಸನ್ನೆ ಸಾಕು. ಬಿಸಿಲಿಗೆ ಹಿಡಿಯುವ ಹಾಗೆ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದರೆ "ನಾನು ಹೋಗುತ್ತಿದ್ದೇನೆ, ಕಾರಣ ಕೇಳಬೇಡಿ" ಅಂತ. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದರೆ "ಸರಿ ಇದ್ದೀರಾ?" ಅಂತ, ಹೆಬ್ಬೆರಳು ಮೇಲೆ ಬಂದರೆ ಆಟ ಮುಂದುವರಿಯಲಿ, ಅಡ್ಡವೋ ಕೆಳಗೋ ಬಂದರೆ ಆಟ ಬಿಟ್ಟು ಮಾತಾಡಿಸಿ. ಬ್ರೀಫಿಂಗ್‌ನಲ್ಲಿ ಎಲ್ಲರೂ ಒಮ್ಮೆ ಕೈಯಲ್ಲಿ ಮಾಡಿ ನೋಡಲಿ. ಇನ್ನು ನಗೆಯ ಗುರಿ ಪಾತ್ರದ ಪದವಿ, ಜಂಬ, ಹಟ. ಆಟಗಾರರ ಮೈ, ಬಣ್ಣ, ಮಾತಿನ ಧಾಟಿ ಅಲ್ಲ. ಗಂಡಸು ಸೀರೆ ಉಟ್ಟಿದ್ದೇ ಜೋಕು ಅನ್ನುವ ಪಾತ್ರ ಕಂಡರೆ ನಾನು ಹೊಡೆದುಹಾಕುತ್ತೇನೆ, ಅದು ಸೋಮಾರಿ ಬರವಣಿಗೆ.

ಅರವತ್ತು ಜನರನ್ನು ಸೇರಿಸಿ ತಾಲೀಮು ಮಾಡಲು ಯಾರಿಂದಲೂ ಆಗಲ್ಲ, ಬೇಕಾಗಿಯೂ ಇಲ್ಲ. ಎಂಟು ಹತ್ತು ಜನರನ್ನು ಕರೆದು ಸೀಲಿನ ಮೇಜನ್ನು ಮಾತ್ರ ನಲವತ್ತು ನಿಮಿಷ ಆಡಿಸಿ. ಯಾರಾದರೂ ಗಡಿಯಾರ ನೋಡಿದರೆ ಅಲ್ಲೇನೋ ಕೊರತೆ ಇದೆ. ಗುಮಾಸ್ತರು ಹತ್ತು ನಿಮಿಷಕ್ಕೇ ರಾಜಿಯಾದರೆ ಜಗಳಕ್ಕೆ ಇನ್ನೊಂದು ಕಾರಣ ಬರೆಯಿರಿ.

ಮುಗಿಸುವುದು ಹೇಗೆ? ಗಡಿಯಾರದ ಪ್ರಕಾರ, ಬೇರೆ ಯಾವುದರ ಪ್ರಕಾರವೂ ಅಲ್ಲ. ಕಥೆ ತಾನಾಗಿ ಮುಗಿಯಲಿ ಅಂತ ಕಾದರೆ ಮೂವರು ಮಾತಾಡುತ್ತಿರುತ್ತಾರೆ, ಐವತ್ತೇಳು ಜನ ಕುರ್ಚಿ ಹುಡುಕುತ್ತಿರುತ್ತಾರೆ. ಹೇಳಿದ ಹೊತ್ತಿಗೆ ಕಚೇರಿ ಮುಚ್ಚಲಿ. ಪತ್ರಕ್ಕೆ ಸೀಲು ಬಿದ್ದಿದ್ದರೆ ಪಟ್ಟಾಭಿಷೇಕ. ಬೀಳದಿದ್ದರೆ ರಾಜ ಮುಂದಿನ ಕೆಲಸದ ದಿನದವರೆಗೆ ಬದುಕಿದ್ದಾನೆ ಅಂತ ಘೋಷಿಸಿ, ಎಲ್ಲರೂ ಅವನಿಗೆ ಜೈಕಾರ ಹಾಕಲಿ. ಆಮೇಲಿನ ಮಾತುಕತೆಯಲ್ಲಿ ಗುಂಪಿಗೆ ಒಬ್ಬರು, ಒಂದು ನಿಮಿಷ, ಅಷ್ಟೇ. ಎಲ್ಲರಿಗೂ ಮೈಕು ಕೊಟ್ಟರೆ ಅದೇ ಒಂದು ಗಂಟೆ. ಪಾತ್ರಪತ್ರಗಳನ್ನು ವಾಪಸ್ ಕೇಳುವಾಗ ಯಾವ ಆಸೆಯ ಹಿಂದೆ ಯಾರೂ ಹೋಗಲಿಲ್ಲವೋ ಅದಕ್ಕೆ ಅಡ್ಡಗೆರೆ ಹಾಕಿ ಕೊಡಲು ಹೇಳಿ. ಮುಂದಿನ ಸಲ ಆಡಿಸುವ ಮೊದಲು ಬದಲಿಸಬೇಕಾದದ್ದು ಆ ಸಾಲುಗಳನ್ನು.