ಆಂಟಿಬಾಡಿ ಕೈಗೆ ಸಿಗದ ಟಿಬಿ

ಕೋವಿಡ್ ಬಂದು ಹೋದ ಮೇಲೆ ಬೆಂಗಳೂರಿನ ತರಕಾರಿ ಅಂಗಡಿಯಲ್ಲೂ ‘ಆಂಟಿಬಾಡಿ’ ಅನ್ನುವ ಮಾತು ಕಿವಿಗೆ ಬೀಳತೊಡಗಿತು. ರೋಗಾಣು ಬಂದರೆ ದೇಹ ಆಂಟಿಬಾಡಿ ಮಾಡುತ್ತೆ, ಅದು ಹಿಡಿದು ಹಾಕುತ್ತೆ, ಅಷ್ಟೇ ಅಲ್ವಾ? ಟಿಬಿ ವಿಷಯದಲ್ಲಿ ಅಷ್ಟು ಸಲೀಸಲ್ಲ. ಆಂಟಿಬಾಡಿ ಓಡಾಡುವುದು ರಕ್ತದಲ್ಲಿ, ಜೀವಕೋಶಗಳ ಹೊರಗೆ. ಟಿಬಿ ಬ್ಯಾಕ್ಟೀರಿಯಾ ಬೀಡುಬಿಡುವುದು ಜೀವಕೋಶದ ಒಳಗೆ.

ಅದೂ ಎಂಥ ಕೋಶ! ಮ್ಯಾಕ್ರೋಫೇಜ್. ರೋಗಾಣುಗಳನ್ನು ನುಂಗಿ ಅರಗಿಸುವುದೇ ಇದರ ಕಸುಬು. ಕಳ್ಳ ಪೊಲೀಸ್ ಠಾಣೆಯಲ್ಲೇ ರೂಮು ಮಾಡಿಕೊಂಡ ಹಾಗೆ. ನುಂಗಿದ್ದನ್ನು ಮ್ಯಾಕ್ರೋಫೇಜ್ ಒಂದು ಪುಟ್ಟ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಆಮ್ಲ, ಕಿಣ್ವ ತುಂಬಿದ ಲೈಸೋಸೋಮ್ ಬಂದು ಆ ಚೀಲಕ್ಕೆ ಕೂಡಿಕೊಂಡರೆ ಒಳಗಿದ್ದದ್ದರ ಕಥೆ ಮುಗಿಯಿತು. ಟಿಬಿ ಬ್ಯಾಕ್ಟೀರಿಯಾ ತಡೆಯುವುದು ಇದನ್ನೇ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಕೂಡ ಹೀಗೆ ಚೀಲದೊಳಗೇ ಬದುಕುತ್ತದೆ. ಲಿಸ್ಟೀರಿಯಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಇನ್ನೂ ಕಿಲಾಡಿ. ಚೀಲ ಹರಿದು ಆಚೆ ಬರುತ್ತದೆ, ಕೋಶದ್ದೇ ಆಕ್ಟಿನ್ ಪ್ರೋಟೀನಿನಿಂದ ಬಾಲ ಕಟ್ಟಿಕೊಂಡು ಪಕ್ಕದ ಕೋಶಕ್ಕೆ ನುಗ್ಗುತ್ತದೆ. ರಕ್ತಕ್ಕೆ ಇಳಿಯುವ ಗೊಡವೆಯೇ ಇಲ್ಲ.

ಹಾಗಾದರೆ ಮ್ಯಾಕ್ರೋಫೇಜ್ ಕೈಲಾಗದ್ದೇ? ಕೈಲಾಗುತ್ತದೆ, ಆದರೆ ಒಂಟಿಯಾಗಿ ಅಲ್ಲ. ಡೆಂಡ್ರೈಟಿಕ್ ಕೋಶಗಳು ಅನ್ನುವ ಕಾವಲು ಕೋಶಗಳು ಬ್ಯಾಕ್ಟೀರಿಯಾವನ್ನು ಹೊತ್ತು ಶ್ವಾಸಕೋಶದ ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗುತ್ತವೆ. ಅದರ ತುಣುಕುಗಳನ್ನು ಮೈಮೇಲೆ ಇಟ್ಟುಕೊಂಡು ಟಿ ಕೋಶಗಳಿಗೆ, ಅಂದರೆ ರೋಗದ ವಿರುದ್ಧ ಹೋರಾಡುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಿಗೆ, ತೋರಿಸುತ್ತವೆ. ಜೊತೆಗೆ ಇಂಟರ್‌ಲ್ಯೂಕಿನ್-12 ಅನ್ನುವ ರಾಸಾಯನಿಕ ಸಂದೇಶವನ್ನೂ ಕೊಡುತ್ತವೆ. ಆ ತುಣುಕಿಗೆ ಹೊಂದುವ ಟಿ ಕೋಶ ಒಂದು ಹತ್ತಾಗಿ, ಹತ್ತು ಸಾವಿರವಾಗಿ ಶ್ವಾಸಕೋಶಕ್ಕೆ ಬರುತ್ತದೆ. ಸೋಂಕಿರುವ ಮ್ಯಾಕ್ರೋಫೇಜನ್ನು ಗುರುತಿಸಿ ಇಂಟರ್‌ಫೆರಾನ್-ಗಾಮಾ ಅನ್ನುವ ಇನ್ನೊಂದು ಸಂದೇಶ ಬಿಡುತ್ತದೆ. ಆಗ ಮ್ಯಾಕ್ರೋಫೇಜಿಗೆ ಬಲ ಬರುತ್ತದೆ. ಚೀಲಕ್ಕೆ ಆಮ್ಲ ಸೇರುತ್ತದೆ, ಬ್ಯಾಕ್ಟೀರಿಯಾಕ್ಕೆ ಉಸಿರು ಕಟ್ಟುತ್ತದೆ. ಎಲ್ಲವೂ ಸಾಯುತ್ತವೆ ಅಂತಲ್ಲ, ಹತೋಟಿಗೆ ಬರುತ್ತವೆ.

ಈ ಎರಡು ಸಂದೇಶಗಳ ಬೆಲೆ ಗೊತ್ತಾಗಿದ್ದು ಕೆಲವು ಮಕ್ಕಳಿಂದ. ಅವರಿಗೆ ಹುಟ್ಟಿನಿಂದಲೇ ಇಂಟರ್‌ಫೆರಾನ್-ಗಾಮಾದ ಅಥವಾ ಇಂಟರ್‌ಲ್ಯೂಕಿನ್-12ರ ಮಾತು ಕೇಳಿಸಿಕೊಳ್ಳುವ ಪ್ರೋಟೀನಿನಲ್ಲಿ ದೋಷ. ಮಿಕ್ಕ ಎಷ್ಟೋ ಸೋಂಕುಗಳನ್ನು ತಡೆದುಕೊಳ್ಳುತ್ತಾರೆ. ಆದರೆ ನಮ್ಮ ಕೂಸುಗಳಿಗೆಲ್ಲ ಹಾಕಿಸುವ, ಬಲಗುಂದಿಸಿದ ಬ್ಯಾಕ್ಟೀರಿಯಾದ ಬಿಸಿಜಿ ಲಸಿಕೆಯೇ ಇವರಿಗೆ ರೋಗವಾಗಿ ಹಬ್ಬಿಬಿಡಬಹುದು. ಸಾಲ್ಮೊನೆಲ್ಲಾ ಕೂಡ ಬಿಡದೆ ಕಾಡುತ್ತದೆ. 1996ರಿಂದ ಇಂಥ ಜೀನ್ ದೋಷಗಳು ಒಂದೊಂದಾಗಿ ಪತ್ತೆಯಾದವು.

ಇದನ್ನೆಲ್ಲ ಕಣ್ಣಾರೆ ನೋಡಬೇಕಾ? ಟಿಬಿ ಸೋಂಕು ಪತ್ತೆಗೆಂದು ಮಾಡುವ ಮಾಂಟೂ ಪರೀಕ್ಷೆ ಮಾಡಿಸಿಕೊಂಡವರ ಕೈ ನೋಡಿ. ಮೊಣಕೈ ಕೆಳಗೆ, ಒಳಮೈಯಲ್ಲಿ, ಚರ್ಮದ ಮೇಲುಪದರಕ್ಕೆ 0.1 ಮಿಲಿಲೀಟರ್ ಟ್ಯುಬರ್ಕ್ಯುಲಿನ್ ಚುಚ್ಚುತ್ತಾರೆ. ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇಲ್ಲ, ಅದರ ಪ್ರೋಟೀನು ಮಾತ್ರ. ಚುಚ್ಚಿದ ಕೂಡಲೇ ಏಳುವ ಬೊಬ್ಬೆ ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ. ನೋಡಬೇಕಾದ್ದು 48ರಿಂದ 72 ಗಂಟೆಯ ಮೇಲೆ. ಟಿ ಕೋಶಗಳಿಗೆ ಹಳೇ ಪರಿಚಯ ಇದ್ದರೆ ಅಲ್ಲಿಗೆ ಬಂದು ಸೇರುತ್ತವೆ, ಮ್ಯಾಕ್ರೋಫೇಜ್‌ಗಳನ್ನೂ ಕರೆಸಿಕೊಳ್ಳುತ್ತವೆ, ಚರ್ಮ ಗಟ್ಟಿಯಾಗಿ ಉಬ್ಬುತ್ತದೆ. ಅಳೆಯುವುದು ಆ ಗಟ್ಟಿ ಭಾಗವನ್ನು, ಸುತ್ತಲಿನ ಕೆಂಪನ್ನಲ್ಲ. ಬಿಸಿಜಿ ಹಾಕಿಸಿಕೊಂಡವರಲ್ಲೂ ಉಬ್ಬಬಹುದು, ಆದ್ದರಿಂದ ಉಬ್ಬಿದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಅರವತ್ತರ ದಶಕದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಹೀಗೆ ಕೈಗಳನ್ನು ಅಳೆದೇ ಸೋಂಕಿನ ಲೆಕ್ಕ ತೆಗೆದದ್ದು.

ಅಂದಹಾಗೆ, ‘ಇಮ್ಯುನಿಟಿ ಬೂಸ್ಟರ್’ ಅಂತ ಮಾರುವ ಪುಡಿ, ಕಷಾಯಗಳ ಮೇಲೆ ನನಗೆ ನಂಬಿಕೆ ಇಲ್ಲ. ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವ ಸಂಗತಿಯೇ ಇದಲ್ಲ. ಟಿಬಿಯಲ್ಲಿ ಶ್ವಾಸಕೋಶಕ್ಕೆ ಬೀಳುವ ತೂತುಗಳಲ್ಲಿ ನಮ್ಮದೇ ಕೋಶಗಳ ರಂಪಾಟದ ಪಾಲು ದೊಡ್ಡದು.

ಸಾಯದೆ ಉಳಿದ ಬ್ಯಾಕ್ಟೀರಿಯಾದ ಸುತ್ತ ಮ್ಯಾಕ್ರೋಫೇಜ್, ಟಿ ಕೋಶಗಳು ಒತ್ತಾಗಿ ನಿಂತು ಗ್ರಾನುಲೋಮಾ ಎಂಬ ಗಂಟು ಕಟ್ಟುತ್ತವೆ. ಆ ಗಂಟು ಸಡಿಲವಾಗದಂತೆ ನೋಡಿಕೊಳ್ಳುವುದರಲ್ಲಿ ಟಿಎನ್‌ಎಫ್ ಅನ್ನುವ ಇನ್ನೊಂದು ಸಂದೇಶದ ಪಾತ್ರ ದೊಡ್ಡದು. ಕೀಲುಗಳನ್ನು ಊದಿಸುವ ರುಮಟಾಯ್ಡ್ ಸಂಧಿವಾತದಲ್ಲಿ ಇದೇ ಟಿಎನ್‌ಎಫ್ ಮಿತಿಮೀರಿರುತ್ತದೆ. ಅದನ್ನು ತಡೆಯುವ ಇಂಜೆಕ್ಷನ್ ಬಂದಾಗ ಕೀಲುನೋವು ಇಳಿಯಿತು, ಆದರೆ ಕೆಲವರಲ್ಲಿ ವರ್ಷಗಟ್ಟಲೆ ಸುಮ್ನಿದ್ದ ಟಿಬಿ ಎದ್ದು ಕೂತಿತು. 2001ರಲ್ಲಿ ಇದು ಜಗತ್ತಿಗೆ ಗೊತ್ತಾಯಿತು. ಈಗ ಆ ಇಂಜೆಕ್ಷನ್‌ಗೆ ಮುಂಚೆ ಡಾಕ್ಟರು ಟಿಬಿ ಪರೀಕ್ಷೆ ಬರೆದುಕೊಡುತ್ತಾರೆ. ಅಡಗಿದ ಸೋಂಕು ಸಿಕ್ಕರೆ ಮೊದಲು ಅದಕ್ಕೆ ಮಾತ್ರೆ, ಕೀಲಿನ ಇಂಜೆಕ್ಷನ್ ಆಮೇಲೆ.